ಎರಡನೇ ಪಾಸ್‌ಪೋರ್ಟು

ಬೇಡ ಅಕ್ಕ, ಕುರ್ಚಿ ಬೇಡ. ಅದರ ಮೇಲೆ ಕತ್ತರಿಸಿದ ಬಟ್ಟೆ ಇದೆ, ಅದನ್ನೆಲ್ಲ ಎತ್ತೋಕೆ ಹೋಗಬೇಡಿ... ಇಲ್ಲ ಇಲ್ಲ, ನಿಜವಾಗಲೂ! ಐದು ನಿಮಿಷದ ಮಾತು, ನಿಂತೇ ಹೇಳಿ ಹೋಗಿಬಿಡ್ತೀನಿ. ನೀವು ಹೊಲೀತಾ ಇರಿ. ಬಾಯಲ್ಲಿ ಗುಂಡುಸೂಜಿ ಬೇರೆ ಕಚ್ಚಿಕೊಂಡಿದೀರಿ, ನನಗೆ ಉತ್ತರ ಕೊಡೋಕೆ ಹೋಗಿ ನುಂಗಿಬಿಟ್ಟೀರಿ. ತಲೆ ಆಡಿಸಿದ್ರೆ ಸಾಕು.

ಏನು ಹೇಳ್ತಿದ್ದೆ? ಹಾಂ, ಲಕೋಟೆ. ಇದು ನಿಮಗೆ ಸೇರಬೇಕಾದ್ದು. ಹೆದರಬೇಡಿ, ನೋಟಿಸಲ್ಲ, ಬಿಲ್ಲಲ್ಲ. ದುಡ್ಡು. ವಾಪಸ್ ಬಂದಿರೋ ದುಡ್ಡು! ಹೋದ ವರ್ಷ... ಅಲ್ಲ, ಅದರ ಹಿಂದಿನ ವರ್ಷ, ಭಾವ ಗಡಿಯಾಚೆ ಆಸ್ಪತ್ರೆಗೆ ಹೋದರಲ್ಲ, ಆಗ ಅವರ ಪಾಸ್‌ಪೋರ್ಟಿಗೆ ನಮ್ಮ ಆಫೀಸಲ್ಲಿ ಮೊಹರು ಒತ್ತಿಸಿದಿರಲ್ಲ, ಅದರ ಶುಲ್ಕ. ತಗೊಳ್ಳಬಾರದಿತ್ತಂತೆ. ಈಗ ವಾಪಸ್ ಕೊಡ್ತಿದಾರೆ. ಸರ್ಕಾರಗಳು ದುಡ್ಡು ವಾಪಸ್ ಕೊಡೋದು ಎಲ್ಲಾದ್ರೂ ಕೇಳಿದೀರಾ? ನಾನಂತೂ ಕೇಳಿಲ್ಲ.

ಲಕೋಟೆ ತೆರೆದು ನೋಡಿ. ಇಲ್ಲವಾ? ಆಮೇಲೆ ನೋಡ್ತೀರಾ? ಸರಿ, ಇಲ್ಲೇ ಇಡ್ತೀನಿ, ದಾರದ ಉಂಡೆ ಪಕ್ಕ. ಇದೊಂದು ಫಾರಂ ಇದೆ, ಕೆಳಗೆ ಒಂದು ಸಹಿ ಹಾಕಿಕೊಟ್ರೆ ನಾನು ಹೊರಡ್ತೀನಿ. ಐದು ಗಂಟೆ ಒಳಗೆ ಮುಟ್ಟಿಸಬೇಕು.

ಮುಗಿಸಿ, ಮುಗಿಸಿ, ಆ ತೋಳು ಮುಗಿಸಿಕೊಳ್ಳಿ. ಅವಸರ ಏನಿಲ್ಲ.

ನಮ್ಮ ಆಫೀಸು ಅಂತೀನಿ ನೋಡಿ, ಬಾಯಿಗೆ ರೂಢಿಯಾಗಿಬಿಟ್ಟಿದೆ. ನಮ್ಮದೆಲ್ಲಿಂದ ಬಂತು! ಪಕ್ಕದ ದೇಶದವರ ಕಾನ್ಸಲ್ ಕಚೇರಿ ಅದು. ನಾನು ಈ ಕಡೆಯ ಮಾತನ್ನ ಆ ಕಡೆಗೆ, ಆ ಕಡೆಯ ಮಾತನ್ನ ಈ ಕಡೆಗೆ ದಾಟಿಸೋ ದುಭಾಷಿ, ಅಷ್ಟೇ. ಹದಿನಾಲ್ಕು ವರ್ಷ ಆಯ್ತು. ಬೀದಿಯಲ್ಲಿ ನನಗೆ 'ಎರಡು ನಾಲಿಗೆ' ಅಂತ ಹೆಸರಿಟ್ಟಿದಾರೆ, ಗೊತ್ತು ಬಿಡಿ... ಯಾಕೆ ನಗ್ತೀರಿ? ನೀವೂ ಹಾಗೇ ಅಂತೀರಾ? ಅನ್ನಿ ಅನ್ನಿ, ತಪ್ಪೇನಿದೆ. ಹೆಂಡತಿಯೇ ಅಂತಾಳೆ, ಸಿಟ್ಟು ಬಂದಾಗ.

ಇದೆಲ್ಲ ಶುರು ಮಾಡಿದ್ದು ಆ ಡ್ರಿಲ್ ಮೇಷ್ಟ್ರು. ಗೊತ್ತಲ್ಲ, ರಿಟೈರಾದ ಮೇಲೂ ಬೆಳಿಗ್ಗೆ ಸೀಟಿ ಕೊರಳಲ್ಲಿ ಹಾಕಿಕೊಂಡೇ ವಾಕಿಂಗ್ ಹೋಗ್ತಾರಲ್ಲ, ಅವರು. ತಂಗಿಯನ್ನ ನೋಡೋಕೆ ಗಡಿಯಾಚೆ ಹೋಗಬೇಕಿತ್ತು, ಮೊಹರಿನ ಶುಲ್ಕ ಕಟ್ಟಿದರು, ಹೋಗಿಬಂದರು. ಬಂದ ಮೇಲೆ ಲೈಬ್ರರಿಯಲ್ಲಿ ಕೂತು ಹಳೇ ಗೆಜೆಟ್ ಓದ್ತಿದ್ರಂತೆ. ಯಾರಾದರೂ ಗೆಜೆಟ್ ಓದ್ತಾರಾ ಅಕ್ಕ? ಇವರು ಓದ್ತಾರೆ! ಅದರಲ್ಲಿ ಎರಡೂ ದೇಶಗಳ ಒಪ್ಪಂದ ಅಚ್ಚಾಗಿತ್ತು. ಬಡತನದ ಸರ್ಟಿಫಿಕೇಟ್ ಇರೋರಿಗೆ ಮೊಹರಿಗೆ ಶುಲ್ಕ ಇಲ್ಲ. ಆಸ್ಪತ್ರೆಗೆ ಹೋಗೋ ರೋಗಿಗೆ ಇಲ್ಲ... ಹೀಗೆ, ಒಂದಷ್ಟು ಜನಕ್ಕೆ ಇಲ್ಲ.

ಮೇಷ್ಟ್ರು ಕಾಗದ ಬರೆದರು. ಒಂದಲ್ಲ, ಹನ್ನೊಂದು. ನಮ್ಮ ಆಫೀಸಿಗೆ ಬಂದ ಐದನ್ನೂ ನಾನೇ ತರ್ಜುಮೆ ಮಾಡಿ ಸಾಹೇಬರ ಮೇಜಿನ ಮೇಲಿಟ್ಟೆ. ಐದಕ್ಕೂ ಒಂದೇ ಉತ್ತರ: 'ನಿಮ್ಮ ಪತ್ರ ತಲುಪಿದೆ.' ಅದನ್ನೂ ನಾನೇ ತರ್ಜುಮೆ ಮಾಡಿದೆ. ಕೊನೆಗೆ ಮೇಷ್ಟ್ರು ಸೀದಾ ನಮ್ಮ ವಿದೇಶಾಂಗ ಇಲಾಖೆಗೇ ಬರೆದರು. ಅಲ್ಲಿ ಯಾರೋ ಪುಣ್ಯಾತ್ಮ ಓದಿದ. ಆಮೇಲೆ ಶುರುವಾಯ್ತು ನೋಡಿ ದೊಡ್ಡವರ ಜಗಳ.

ದೊಡ್ಡವರ ಜಗಳ ಹೇಗಿರುತ್ತೆ ಗೊತ್ತಾ? ನಮ್ಮ ಬೀದಿ ನಲ್ಲಿ ಹತ್ತಿರದ ಜಗಳದ ಥರ ಅಲ್ಲ. ಇಲಾಖೆಯ ಕಾಗದ ಬರುತ್ತೆ: 'ಮಾನ್ಯ ಕಚೇರಿಗೆ ನಮ್ಮ ಅತ್ಯುನ್ನತ ಗೌರವವನ್ನು ಸಲ್ಲಿಸುತ್ತಾ, ಈ ಕೆಳಕಂಡ ವಿಷಯವನ್ನು ಅವಗಾಹನೆಗೆ ತರುವ ಸೌಭಾಗ್ಯ ನಮ್ಮದಾಗಿದೆ.' ಸೌಭಾಗ್ಯ! ಬಡವರ ಜೇಬಿಗೆ ಕೈ ಹಾಕಿದಿರಿ ಅಂತ ಹೇಳೋಕೆ ಅಷ್ಟು ಪೀಠಿಕೆ. ಇವರಿಂದ ಉತ್ತರ: 'ಮಾನ್ಯ ಇಲಾಖೆಯ ಗೌರವವನ್ನು ಅಷ್ಟೇ ಗೌರವದಿಂದ ಸ್ವೀಕರಿಸುತ್ತಾ...' ನಾನು ಎರಡೂ ಕಡೆಯ ಗೌರವ ಹೊತ್ತು ಹೊತ್ತು ಸುಸ್ತಾದೆ ಅಕ್ಕ. ಏಳು ತಿಂಗಳು!

ಕೊನೆಗೆ ಎದುರುಬದುರು ಕೂತರು. ದೊಡ್ಡ ಕೋಣೆ, ಉದ್ದದ ಮೇಜು, ಹಸಿರು ಬಟ್ಟೆ ಹಾಸಿತ್ತು. ಈ ಕಡೆ ಇಲಾಖೆಯ ಉಪಕಾರ್ಯದರ್ಶಿ. ಸಣಕಲು ಮನುಷ್ಯ, ಹೊಸ ಬೂಟು ಕಚ್ತಿತ್ತೇನೋ, ಮೇಜಿನ ಕೆಳಗೆ ಹಿಮ್ಮಡಿ ಹೊರಗೆ ತೆಗೆದು ಕೂತಿದ್ದರು. ಆ ಕಡೆ ನಮ್ಮ ಕಾನ್ಸಲ್ ಸಾಹೇಬರು, ಕೆಮ್ಮಿನ ಪೆಪ್ಪರ್‌ಮಿಂಟ್ ಚೀಪ್ತಾ. ನಡುವೆ ನಾನು. ಮೊದಲ ಅರ್ಧ ಗಂಟೆ ಮೊಣಕಾಲು ನೋವಿನ ಮಾತು. ಇಬ್ಬರಿಗೂ ಮೊಣಕಾಲು ನೋವು! ಯಾವ ಎಣ್ಣೆ, ಯಾವ ಡಾಕ್ಟರು, ಮೆಟ್ಟಿಲು ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ. ಅದನ್ನೂ ತರ್ಜುಮೆ ಮಾಡಿದೆ.

ದುಡ್ಡು ವಾಪಸ್ ಕೊಡೋಕೆ ಸಾಹೇಬರು ಹತ್ತು ನಿಮಿಷದಲ್ಲಿ ಒಪ್ಪಿದರು. ಹತ್ತೇ ನಿಮಿಷ! ಅರವತ್ಮೂರು ಜನ, ಅವರಿಗೆ ಅದು ಎಷ್ಟರ ದುಡ್ಡು? ಮಿಕ್ಕ ನಾಲ್ಕು ಗಂಟೆ ಕಳೆದದ್ದು ಒಂದು ಪದಕ್ಕೆ. ಈ ಫಾರಂನಲ್ಲಿ ಇಲಾಖೆಯವರು 'ತಪ್ಪಾಗಿ ವಸೂಲಿ ಮಾಡಿದ ಶುಲ್ಕ' ಅಂತ ಬರೆದು ತಂದಿದ್ದರು. ಸಾಹೇಬರು 'ತಪ್ಪಾಗಿ' ಆಗೋದೇ ಇಲ್ಲ ಅಂದರು. 'ವಸೂಲಿ' ಅಂತೂ ಸತ್ತರೂ ಇಲ್ಲ ಅಂದರು. ಹಾಗಾದರೆ 'ಅಚಾತುರ್ಯದಿಂದ'? ಊಹೂಂ. 'ಗಮನಕ್ಕೆ ಬಾರದೆ'? ಯಾರ ಗಮನಕ್ಕೆ ಅಂತ ಪ್ರಶ್ನೆ ಬರುತ್ತೆ. ಟೀ ಎರಡು ಸಲ ಬಂತು, ಎರಡು ಸಲ ಆರಿಹೋಯ್ತು. ಉಪಕಾರ್ಯದರ್ಶಿ ಗಡಿಯಾರ ನೋಡ್ತಿದ್ದಾರೆ, ರೈಲು ತಪ್ಪುತ್ತೆ ಅಂತ. ಆಗ ನಾನು... ದುಭಾಷಿ ನಡುವೆ ಬಾಯಿ ಹಾಕಬಾರದು. ಹಾಕಿದೆ. 'ಅಪ್ಪಣೆಯಾದರೆ,' ಅಂದೆ, 'ಸಂದಾಯವಾದ ಹೆಚ್ಚುವರಿ ಮೊತ್ತ ಅಂತ ಬರೆಯಬಹುದು.'

ಓದಿ ನೋಡಿ, ಮೇಲಿನ ಸಾಲು. 'ಸಂದಾಯವಾದ.' ಯಾರೂ ವಸೂಲಿ ಮಾಡಲಿಲ್ಲ, ಯಾರೂ ಕಟ್ಟಲಿಲ್ಲ, ದುಡ್ಡು ತಾನಾಗೇ ಎದ್ದು ನಡೆದುಕೊಂಡು ಹೋಗಿ ಸಂದಾಯವಾಯ್ತು! 'ಹೆಚ್ಚುವರಿ.' ಜಾಸ್ತಿಯಾಯ್ತು ಅಷ್ಟೇ, ತಪ್ಪಾಗಲಿಲ್ಲ. ಇಬ್ಬರ ಮುಖವೂ ಅರಳಿತು ಅಕ್ಕ. ಎದ್ದು ಇಬ್ಬರೂ ನನ್ನ ಕೈ ಕುಲುಕಿದರು. ಹದಿನಾಲ್ಕು ವರ್ಷದಲ್ಲಿ ಸಾಹೇಬರು ನನ್ನ ಕೈ ಮುಟ್ಟಿದ್ದು ಅವತ್ತೇ. ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, ನನ್ನ ಒಂದು ಪದದಿಂದ ಎರಡು ದೇಶಗಳ ಮನಸ್ತಾಪ ಮುಗೀತು ಅಂತ. ಅವಳು ಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು. ನಿಮಗೂ ಹೇಳಿರಬೇಕು... ಹೇಳಿದಳಾ? ಹೇಳಿರ್ತಾಳೆ.

ಈಗ ನೆನೆಸಿಕೊಂಡ್ರೆ ನಾಚಿಕೆಯಾಗುತ್ತೆ.

ಯಾಕೆ ಅಂದ್ರೆ, ಈ ಫಾರಂ ಹಿಡಿದು ಮನೆ ಮನೆಗೆ ಹೋಗಬೇಕಾದ್ದೂ ನಾನೇ. ಪದ ಹುಡುಕಿದವನೇ ಸಹಿಯನ್ನೂ ಹಾಕಿಸಿಕೊಂಡು ಬರಲಿ ಅಂದರು. ಮೊದಲನೇ ಮನೆ, ಗಿರಣಿ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿ. ಸೊಸೆಯ ಹೆರಿಗೆಗೆ ಅಂತ ಗಡಿ ದಾಟಿ ಹೋಗಿಬಂದಿದ್ದಳು. ನಾನು ಬಾಗಿಲಲ್ಲಿ ನಿಂತು ಆಫೀಸಿನ ಹೆಸರು ಹೇಳಿದ್ದೇ ತಡ, ಮುಖ ಬಿಳಿಚಿಕೊಂಡಿತು. 'ಕೂತ್ಕೊಳ್ಳಿ ಸ್ವಾಮಿ' ಅಂತ ಒಳಗೆ ಹೋದವಳು ಒಂದು ಡಬ್ಬಿ ತಂದಳು. ಬಿಸ್ಕತ್ತಿನ ಡಬ್ಬಿ. ಅದರಿಂದ ದುಡ್ಡು ತೆಗೆದು ನನ್ನ ಮುಂದೆ ಹಿಡಿದಳು. 'ಇಷ್ಟೇ ಇರೋದು, ಮಿಕ್ಕಿದ್ದು ತಿಂಗಳ ಕೊನೇಲಿ ಕೊಟ್ಟರೆ ಆಗುತ್ತಾ?' ಅಂದಳು! ಇನ್ನೂ ವಸೂಲಿಗೆ ಬಂದಿದೀನಿ ಅಂದ್ಕೊಂಡಿದಾಳೆ! ವಾಪಸ್ ಕೊಡೋಕೆ ಬಂದಿದೀನಿ ಅಜ್ಜಿ ಅಂದ್ರೆ ನಂಬಲೇ ಇಲ್ಲ. 'ಯಾಕೆ? ನಾನೇನು ತಪ್ಪು ಮಾಡಿದೆ?' ಅಂತಾಳೆ. ಕೊನೆಗೆ ಹೆಬ್ಬೆಟ್ಟು ಒತ್ತಿ, ದುಡ್ಡು ಕಣ್ಣಿಗೊತ್ತಿಕೊಂಡು, ನನ್ನ ಕಾಲಿಗೆ ಬಗ್ಗೋಕೆ ಹೋದಳು. ನಾನು ಓಡಿಬಂದೆ ಅಕ್ಕ. ಅಕ್ಷರಶಃ ಓಡಿಬಂದೆ, ಚಪ್ಪಲಿ ಕೈಯಲ್ಲಿ ಹಿಡಿದು.

ಸ್ಟೇಷನ್ ಕೂಲಿಯೊಬ್ಬ ಫಾರಂ ಎಲ್ಲ ಓದಿಸಿಕೊಂಡ. ಎರಡು ಸಲ. ಆಮೇಲೆ, 'ಹಂಗಾದ್ರೆ ತಪ್ಪು ಯಾರದು?' ಅಂದ. ಇದರಲ್ಲಿ ಯಾರದೂ ಇಲ್ಲಪ್ಪ ಅಂದೆ. ಬಿದ್ದು ಬಿದ್ದು ನಕ್ಕ. ಪಕ್ಕದಲ್ಲಿದ್ದ ಕೂಲಿಗಳನ್ನೆಲ್ಲ ಕರೆದು, 'ಕೇಳ್ರೋ, ಯಾರೂ ತಗೊಳ್ದೇ ಇರೋ ದುಡ್ಡು ನಂಗೆ ವಾಪಸ್ ಬಂದಿದೆ' ಅಂತ ತೋರಿಸಿದ. ನಾನೂ ನಕ್ಕೆ. ಏನು ಮಾಡಲಿ?

ಅರವತ್ತೆರಡು ಆಯ್ತು. ನೀವೇ ಕೊನೆಯವರು.

ಏನು ನೋಡ್ತಿದೀರಿ? ಹೌದು... ಹೌದು ಅಕ್ಕ, ಮೂರೇ ಮನೆ ಆಚೆ ಇದೀನಿ. ಮೊದಲು ಇಲ್ಲಿಗೇ ಬರಬಹುದಿತ್ತು. ದಿನಾ ನಿಮ್ಮ ಅಂಗಡಿ ಮುಂದೇನೇ ಹಾದು ಹೋಗ್ತಿದ್ದೆ, ಲಕೋಟೆ ಚೀಲದಲ್ಲೇ ಇರ್ತಿತ್ತು. ಒಂದಿನ ಗಿರಾಕಿ ಇದ್ದರು. ಒಂದಿನ ನೀವು ಪರದೆ ಎಳೆದಿದ್ರಿ. ಇನ್ನೊಂದಿನ... ಇನ್ನೊಂದಿನ ಏನೂ ಇರಲಿಲ್ಲ, ಸುಮ್ಮನೆ ತಲೆ ತಗ್ಗಿಸಿಕೊಂಡು ಹೋದೆ.

ಭಾವನ ವಿಷಯ ತೆಗೀಬೇಕಾಗುತ್ತಲ್ಲ, ಅದಕ್ಕೆ.

ಅವರು ಬರೆದ ಬೋರ್ಡುಗಳು ಇನ್ನೂ ಹಾಗೇ ಇವೆ. ಔಷಧಿ ಅಂಗಡೀದು, ಸೈಕಲ್ ಶಾಪಿಂದು. ಆ ಕೆಂಪು ಬಣ್ಣ ಇನ್ನೂ ಒಂದು ಚೂರು ಮಾಸಿಲ್ಲ. ಆ ಬಣ್ಣವೇ ಅಂತೆ ಎದೆಗೆ ಇಳಿದದ್ದು, ಮೂವತ್ತು ವರ್ಷ ಮೂಗಿನ ಮುಂದೆ. ಇಲ್ಲಿನ ಡಾಕ್ಟರು ಕೈಚೆಲ್ಲಿ, ಗಡಿಯಾಚೆ ಎದೆಯ ದೊಡ್ಡಾಸ್ಪತ್ರೆ ಇದೆ, ಬೇಗ ಹೋಗಿ ಅಂದಿದ್ದರು. ನೀವಿಬ್ಬರೂ ಹೊರಟಿದ್ದಿರಿ. ಹೆಂಡತಿ ಹೇಳಿದ್ದಳು ನನಗೆ. ಟ್ರಂಕು ಕೂಡ ಕಟ್ಟಿಯಾಗಿತ್ತಂತೆ. ಆಮೇಲೆ ಏನೋ, ಒಬ್ಬರೇ ಹೋದರು ಅಂತ ಗೊತ್ತಾಯ್ತು. ಕೈಗೊಂದು ಊಟದ ಡಬ್ಬಿ, ಕೊರಳಿಗೊಂದು ವಿಳಾಸದ ಚೀಟಿ... ನೀವು ಬಸ್ಸಿನ ಕಿಟಕಿ ಕೆಳಗೆ ನಿಂತಿದ್ದಿರಿ. ನಾನು ಆಚೆ ಫುಟ್‌ಪಾತಿಂದ ನೋಡಿದೆ. ಹತ್ತಿರ ಬರೋಣ ಅಂದ್ಕೊಂಡೆ, ಆಫೀಸಿಗೆ ಹೊತ್ತಾಗಿತ್ತು.

ಹತ್ತೊಂಬತ್ತು ದಿನ ಇದ್ದರಂತೆ ಅಲ್ಲಿ, ಕಣ್ಣು ಮುಚ್ಚೋ ತನಕ. ಭಾಷೆ ಬರೋಲ್ಲ, ಏನು ಬೇಕು ಅಂತ ಕೇಳೋಕೂ ಗೊತ್ತಿಲ್ಲ. ನರ್ಸಿಗೆ ಚಿತ್ರ ಬರೆದು ತೋರಿಸ್ತಿದ್ದರಂತೆ... ನೀರು ಬೇಕಾದ್ರೆ ಲೋಟ, ಚಳಿಯಾದ್ರೆ ಕಂಬಳಿ. ಕೊನೆಕೊನೆಗೆ ಹೊಲಿಗೆ ಮಿಷಿನ್ ಬರೀತಿದ್ದರಂತೆ, ಅದ್ಯಾಕೆ ಅಂತ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲವಂತೆ. ನೀವೇ ಹೇಳಿದ್ರಂತಲ್ಲ ನನ್ನ ಹೆಂಡತಿಗೆ. ಅವಳು ಮನೆಗೆ ಬಂದು ಅತ್ತಳು. ನಾನು ಪೇಪರ್ ಓದ್ತಿದ್ದೆ. ಓದ್ತಾನೇ ಇದ್ದೆ.

ಬೇಡ ಬೇಡ, ಆ ಮಾತು ಬೇಡ ಈಗ. ಸಹಿ ಹಾಕಿಬಿಡಿ ಅಕ್ಕ. ಇಲ್ಲಿ. ಪೆನ್ನು ಇದೆ ನನ್ನ ಹತ್ತಿರ.

ಏನು? ತಾರೀಖಾ? ಎಲ್ಲಿ ಬೆರಳಿಟ್ಟಿದೀರಿ... ಹಾಂ. ಅದು ನೀವು ದುಡ್ಡು ಕಟ್ಟಿದ ತಾರೀಖು. ಇದು ಸುತ್ತೋಲೆಯ ತಾರೀಖು. ಬಡವರಿಂದ, ರೋಗಿಗಳಿಂದ ತಗೋಬೇಡಿ ಅಂತ ಅವರ ರಾಜಧಾನಿಯಿಂದ ಬಂದ ಆರ್ಡರು. ಹೌದು, ಸುತ್ತೋಲೆ ಮೊದಲು, ನೀವು ಆಮೇಲೆ. ಹದಿನೆಂಟು ದಿನ. ಆದರೆ ಅದು ಹೊರಟ ತಾರೀಖು ಅಕ್ಕ, ತಲುಪಿದ್ದಲ್ಲ! ಟಪಾಲು ತಲುಪೋಕೆ ಹೊತ್ತಾಗುತ್ತೆ. ಒಂದು ತಿಂಗಳೇ ಆಯ್ತು ಅನ್ಸುತ್ತೆ. ನೀವು ಬಂದಾಗ ನಮ್ಮ ಕೈಗೆ ಸಿಕ್ಕಿರಲಿಲ್ಲ.

ಸಿಕ್ಕಿರಲಿಲ್ಲ.

ಮಿಷಿನ್ ಯಾಕೆ ನಿಲ್ಲಿಸಿದ್ರಿ? ದಾರ ತುಂಡಾಯ್ತಾ? ತುಂಡಾಗಿಲ್ಲವಲ್ಲ.

ನೋಡಿ, ನನಗೆ ಪೂರ್ತಿ ಗೊತ್ತಿಲ್ಲ. ಯಾಕೆ ಅಂದ್ರೆ ಆ ದಿನ ನಾನು ಆಫೀಸಲ್ಲೇ ಇರಲಿಲ್ಲ. ರಜೆ. ಕಿವಿ ನೋವು, ಬಲಗಿವಿ. ಕೌಂಟರಲ್ಲಿ ಬೇರೊಬ್ಬ ಕೂತಿದ್ದ. ಇದ್ದಿದ್ರೆ ನಿಮಗೆ ಹಾಗಾಗೋಕೆ ಬಿಡ್ತಿದ್ದೆನಾ? ಒಂದೇ ಬೀದಿಯವರು, ನನ್ನ ಮಗಳು ನಿಮ್ಮ ಮಡಿಲಲ್ಲಿ ಬೆಳೆದವಳು. ಇಬ್ಬರ ಪಾಸ್‌ಪೋರ್ಟಿಗೂ ನಾನೇ ಮೊಹರು ಒತ್ತಿಸಿ, ಬಸ್ಸು ಹತ್ತಿಸಿ ಕಳಿಸ್ತಿದ್ದೆ. ಗ್ರಹಚಾರ ನೋಡಿ, ಅವತ್ತೇ ಕಿವಿ ನೋಯಬೇಕಿತ್ತಾ?

ಅವತ್ತು ಕೌಂಟರಲ್ಲಿ ಇದ್ದವನು... ಬೇರೆಯವನು. ಈಗ ಇಲ್ಲಿಲ್ಲ. ವರ್ಗ ಆಯ್ತು.

...

ಯಾಕೆ ಏನೂ ಕೇಳಲ್ಲ ನೀವು?

ಅಲ್ಲ, ಯಾರಾದ್ರೂ ಕೇಳ್ತಾರಲ್ಲ, 'ಹಾಗಾದ್ರೆ ಯಾರು ಅವನು?' ಅಂತ. 'ಅವನ ಹೆಸರೇನು, ಎಲ್ಲಿದಾನೆ?' ಅಂತ. ಆ ಕೂಲಿ ಕೂಡ ಕೇಳಿದ. ನೀವು ಬಾಯಿಂದ ಸೂಜಿ ಕೂಡ ತೆಗೆದಿಟ್ರಿ ಈಗ, ಒಂದೊಂದಾಗಿ, ಡಬ್ಬೀಲಿ. ಬಾಯಿ ಖಾಲಿಯಿದೆ. ಆದ್ರೂ ಕೇಳ್ತಿಲ್ಲ.

ಎಲ್ಲಿ ನೋಡ್ತಿದೀರಿ? ಏನಿದೆ ಇಲ್ಲಿ? ಫಾರಂ... ಅಲ್ಲ, ಫಾರಂ ಅಲ್ಲ. ಕೈ. ನನ್ನ ಕೈ ನೋಡ್ತಿದೀರಿ.

ಅಯ್ಯೋ ದೇವರೇ.

ಕೌಂಟರಿನ ಗಾಜಿಗೆ ಬಿಳೀ ಬಣ್ಣ ಬಳಿದಿತ್ತು ಅಕ್ಕ. ಹಣೆ ಮಟ್ಟದವರೆಗೆ. ಕೆಳಗೆ ನಾಲ್ಕು ಬೆರಳಿನಷ್ಟು ಸಂದಿ, ಅಷ್ಟೇ. ಆಚೆಯವರಿಗೆ ಒಳಗಿನವರ ಮುಖ ಕಾಣಲ್ಲ, ಒಳಗಿನವರಿಗೆ ಆಚೆಯವರ ಮುಖ ಕಾಣಲ್ಲ. ಕೈ ಮಾತ್ರ. ಬರೀ ಕೈ. ನಾನು ಅದನ್ನ ಎಷ್ಟು ನಂಬಿಕೊಂಡಿದ್ದೆ! ಎರಡು ವರ್ಷ ಅದೇ ಧೈರ್ಯದಲ್ಲಿ ನಿಮಗೆ ನಮಸ್ಕಾರ ಹೇಳ್ತಿದ್ದೆ. ನೀವು ಟೈಲರು ಅನ್ನೋದೇ ಮರೆತುಬಿಟ್ಟೆ. ಮದುವೆ ಕೋಟಿಗೆ ನೀವೇ ಟೇಪು ಸುತ್ತಿದ್ದಿರಿ ಈ ಮಣಿಕಟ್ಟಿಗೆ. ಎಡಗೈ ಕಿರುಬೆರಳು ಸೊಟ್ಟ, ತೋಳಿನ ತುದಿ ಸ್ವಲ್ಪ ಉದ್ದ ಬಿಡ್ತೀನಿ, ಮುಚ್ಚಿಕೊಳ್ಳುತ್ತೆ ಅಂದಿದ್ದಿರಿ.

ಗೊತ್ತಿತ್ತು ನಿಮಗೆ. ಅವತ್ತಿಂದಲೇ ಗೊತ್ತಿತ್ತು.

ನನಗೂ ಗೊತ್ತಿತ್ತು ಅಕ್ಕ. ಕೈ ಒಳಗೆ ಬಂದ ಕೂಡಲೇ ಗೊತ್ತಾಯ್ತು. ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ, ಉಗುರಿನ ಸಂದಿಯಲ್ಲಿ ನೀಲಿ ಸೀಮೆಸುಣ್ಣ. ಎರಡು ಪಾಸ್‌ಪೋರ್ಟು ಒಂದರ ಮೇಲೊಂದಿಟ್ಟು ತಳ್ಳಿದಿರಿ. ಮೇಲೆ ಬಡತನದ ಸರ್ಟಿಫಿಕೇಟು, ನಾಲ್ಕು ಮಡಿಕೆ. ಬಗ್ಗಿ ಸಂದಿಗೆ ಬಾಯಿಟ್ಟು ಕೇಳಿದಿರಿ, 'ಸ್ವಾಮಿ, ರೋಗಿ ಜೊತೆ ಹೋಗೋರಿಗೂ ದುಡ್ಡು ಕಟ್ಟಬೇಕಾ?' ಅಂತ. ಸ್ವಾಮಿ ಅಂದಿರಿ! ನನ್ನನ್ನ!

ಸುತ್ತೋಲೆ ಬಂದಿತ್ತು. ನೀವು ಬರೋಕೆ ಹನ್ನೆರಡು ದಿನ ಮೊದಲೇ ಬಂದಿತ್ತು. ತರ್ಜುಮೆ ಮಾಡಿದವನು ನಾನೇ. 'ರೋಗಿಗೂ, ರೋಗಿಯ ಜೊತೆಗಾರರಾದ ಒಬ್ಬರಿಗೂ' ಅಂತ ನನ್ನ ಕೈಯಾರೆ ಬರೆದಿದ್ದೆ. ಒಬ್ಬರಿಗೂ. ಅದು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಆಗಲೇ ಬಾಯಿಗೆ ಬಂದ ಸುಳ್ಳೆಲ್ಲ ಹೇಳಿದೆನಲ್ಲ, ಟಪಾಲು, ಕಿವಿ ನೋವು... ಕ್ಷಮಿಸಿ ಅನ್ನೋಕೂ ಮುಖ ಇಲ್ಲ.

ನಾನು ಅವರ ಭಾಷೆಯಲ್ಲಿ ಉತ್ತರ ಕೊಟ್ಟೆ. ನಿಮಗೆ ಬರದ ಭಾಷೆಯಲ್ಲಿ. ಗಂಟಲು ದಪ್ಪ ಮಾಡಿಕೊಂಡು. ನಮ್ಮ ಮಾತಲ್ಲಿ ಹೇಳಿದ್ರೆ ದನಿ ಗುರುತು ಹಿಡೀತೀರಿ ಅಂತ. ಎರಡು ಬೆರಳು ತೋರಿಸಿದೆ. ಎರಡು ಪಾಸ್‌ಪೋರ್ಟು, ಎರಡು ಶುಲ್ಕ. ಸರ್ಟಿಫಿಕೇಟನ್ನ ಒಂದು ಬೆರಳಲ್ಲಿ ಆಚೆ ತಳ್ಳಿದೆ. ಆಮೇಲೆ ನಿಮ್ಮ ಕೈ ಒಳಗೆ ಬಂತು. ಎರಡನ್ನೂ ತೆರೆದು, ಫೋಟೋ ನೋಡಿ... ನಿಮ್ಮದನ್ನ ಎಳ್ಕೊಂಡಿರಿ. ಮೆಲ್ಲಗೆ. ಅವರದನ್ನ ಅಲ್ಲೇ ಬಿಟ್ಟಿರಿ. ಬಿಡೋ ಮುಂಚೆ ಅಂಗೈಯಿಂದ ಒಂದು ಸಲ ಒರೆಸಿದಿರಿ ಅದರ ರಟ್ಟು.

ಅದಕ್ಕೇ ಈ ಲಕೋಟೆ ಇಷ್ಟು ತೆಳ್ಳಗಿದೆ ಅಕ್ಕ. ಒಬ್ಬರದೇ ದುಡ್ಡು. ನೀವು ಕಟ್ಟಿದ್ದು ಒಂದೇ ಅಲ್ವಾ? ಕಟ್ಟೋಕಾಗದೆ ಉಳಿದುಹೋದದ್ದು ಯಾವ ಪಟ್ಟಿಯಲ್ಲೂ ಇಲ್ಲ. ಆ ಹಸಿರು ಮೇಜಿನ ಮುಂದೆ ನಾಲ್ಕು ಗಂಟೆ ಕೂತಿದ್ದೆನಲ್ಲ, ಒಂದು ಸಲ, ಒಂದೇ ಒಂದು ಸಲ ಬಾಯಿ ಬಿಡಬಹುದಿತ್ತು, 'ಸಾಹೇಬರೇ, ಹೋಗದೇ ಉಳಿದವರ ಲೆಕ್ಕ ಏನು?' ಅಂತ. ಬಾಯಿಬಿಟ್ಟೆ ನಿಜ. 'ಹೆಚ್ಚುವರಿ' ಅಂದೆ.

ಮತ್ತೆ ನೀವು... ನೀವು ಎರಡು ವರ್ಷ ಎಲ್ಲ ಹೊಟ್ಟೆಗೆ ಹಾಕ್ಕೊಂಡು ಕೂತಿದ್ರಿ. ನನ್ನ ಹೆಂಡತಿ ವಾರಕ್ಕೊಮ್ಮೆ ಇಲ್ಲಿ ಬಂದು ಈ ಸ್ಟೂಲಿನ ಮೇಲೆ ಕೂತು ನನ್ನ ಗುಣಗಾನ ಮಾಡ್ತಾಳೆ. ಒಂದು ಮಾತು ಹೇಳಿಲ್ಲ ಅವಳಿಗೆ ನೀವು. ಮಗಳ ಶಾಲೆ ಯೂನಿಫಾರ್ಮ್ ಹೊಲಿದಿರಿ, ಬೆಳೀತಾಳೆ ಅಂತ ಕೆಳಗೆ ಎರಡಿಂಚು ಮಡಿಚಿ ಬಿಟ್ಟಿರಿ. ನಾನು ನಮಸ್ಕಾರ ಅಂದಾಗ ನಮಸ್ಕಾರ ಅಂದಿರಿ. ಅದರ ಬದಲು ಬೀದಿಯಲ್ಲಿ ನಿಲ್ಲಿಸಿ ನನ್ನ ಕಾಲರ್ ಹಿಡಿದಿದ್ರೆ... ಒಂದು ಬಯ್ದಿದ್ರೆ... ಬಯ್ಯಿ ಅಕ್ಕ! ಈಗಲಾದ್ರೂ ಬಯ್ಯಿ!

ಸಹಿ ಬೇಡ. ಮುಟ್ಟಬೇಡಿ ಈ ಕಾಗದ. 'ಈ ವಿಷಯದಲ್ಲಿ ನನ್ನ ದೂರು ಏನೂ ಇಲ್ಲ' ಅಂತ ಕೊನೇ ಸಾಲಿದೆ, ಅದನ್ನ ಓದಿ ಹೇಳದೇನೇ ಸಹಿ ಹಾಕಿಸೋನಿದ್ದೆ ನಾನು. ಕೊಡಿ ಇಲ್ಲಿ. ಸಹಿ ಹಾಕಲಿಲ್ಲ ಅಂತ ಹೇಳ್ತೀನಿ. ಏನಾಗುತ್ತೋ ಆಗಲಿ. ದುಡ್ಡು ಮಾತ್ರ ಇಟ್ಕೊಳ್ಳಿ, ಅದು ನಿಮ್ಮದು. ಅದಕ್ಕೆ ಸಹಿ ಯಾಕೆ ಬೇಕು?

ಒಂದು ಮಾತು ಮಾತ್ರ ನಂಬಿ. ಬೇಕು ಅಂತ ಮಾಡಿದ್ದಲ್ಲ. ಹೇಳೋಣ ಅಂತಲೇ ಇದ್ದೆ. ಸರ್ಟಿಫಿಕೇಟ್ ಬಿಚ್ಚೋಕೆ ಕೈ ಹೋಗಿತ್ತು. ಆದರೆ ಸಾಹೇಬರು ನನ್ನ ಬೆನ್ನ ಹಿಂದೇನೇ ನಿಂತಿದ್ದರು ಅಕ್ಕ. ಸುತ್ತೋಲೆಯ ಸಂಗತಿ ಹೊರಗೆ ಬಿಡಬೇಡ ಅಂತ ತಾಕೀತು ಮಾಡಿದ್ದರು. ಪೆಪ್ಪರ್‌ಮಿಂಟಿನ ವಾಸನೆ ಕತ್ತಿನ ಮೇಲೆ ಬೀಳ್ತಿತ್ತು. ಅವರು ಹಿಂದೆ ನಿಂತಿರುವಾಗ ನಾನು ಹೇಗೆ...

ಏನು?

ಯಾಕೆ ಹಾಗೆ ನೋಡ್ತೀರಿ?

ನಿಂತಿದ್ದರು ಅಂದೆನಲ್ಲ. ಮಧ್ಯಾಹ್ನ, ಹನ್ನೆರಡೂವರೆ ಇರಬೇಕು, ನೀವು ಸಾಲಿನಲ್ಲಿ ಕೊನೆಗಿದ್ದಿರಿ, ಗೇಟಿನ ಹತ್ತಿರ...

ಗೇಟಿನ ಹತ್ತಿರ ಇದ್ದಿರಿ.

ಕಾರು ಹೊರಗೆ ಬರುವಾಗ ವಾಚ್‌ಮನ್ ನಿಮ್ಮನ್ನೆಲ್ಲ ಗೋಡೆಗೆ ಸರಿಸಿದ. ಅಲ್ವಾ? ಹಿಂದಿನ ಸೀಟಲ್ಲಿ ಅವರು ಕೂತಿದ್ದರು, ಕಿಟಕಿ ಇಳಿಸಿತ್ತು. ಊಟಕ್ಕೆ ಹೋದವರು ಮೂರು ಗಂಟೆ ತನಕ ಬರಲ್ಲ. ನೀವು ನೋಡಿದ್ದಿರಿ. ಅದಾಗಿ ಕಾಲು ಗಂಟೆಗೆ ನಿಮ್ಮ ಸರದಿ ಬಂತು.

...

ಯಾರೂ ಇರಲಿಲ್ಲ ಅಕ್ಕ. ಟೈಪಿಸ್ಟ್ ಕೂಡ ಊಟಕ್ಕೆ ಎದ್ದು ಹೋಗಿದ್ದ. ನನ್ನ ಹಿಂದೆ ಖಾಲಿ ಕುರ್ಚಿಗಳು. ಹೊರಗೂ ನಿಮ್ಮ ಹಿಂದೆ ಇನ್ನೊಬ್ಬರಿರಲಿಲ್ಲ. ನಾನು ನಮ್ಮ ಮಾತಲ್ಲಿ ಮೆಲ್ಲಗೆ, 'ಕಟ್ಟಬೇಡಿ, ಇಬ್ಬರಿಗೂ ಇಲ್ಲ' ಅಂದುಬಿಟ್ಟಿದ್ರೆ ಗೋಡೆಗೂ ಕೇಳಿಸ್ತಿರಲಿಲ್ಲ. ನೀವು ಹತ್ತು ಜನಕ್ಕೆ ಹೇಳಿಬಿಟ್ರೆ, ಆ ಹತ್ತು ಜನ ಸರ್ಟಿಫಿಕೇಟ್ ಹಿಡಿದು ಬಂದ್ರೆ, ಯಾರಪ್ಪ ಹೇಳಿದ್ದು ಅಂತ ಮುಂದೆಂದೋ ಒಂದಿನ ಸಾಹೇಬರು ನನ್ನನ್ನ ಕೇಳಿಬಿಟ್ರೆ... ಆ ಒಂದು ಪ್ರಶ್ನೆಗೆ ಹೆದರಿದೆ. ಇನ್ನೂ ಯಾರೂ ಕೇಳದೇ ಇದ್ದ ಪ್ರಶ್ನೆಗೆ.

ತಾಕೀತೂ ಮಾಡಿರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ ಅಕ್ಕ. ಕೋಣೆಯಲ್ಲಿ ನಾನೊಬ್ಬನೇ ಇದ್ದೆ.